ಮಜೀದಾ ಆಪಾ ಅವರ ಒಬ್ಬ ಓದುಗ

ಒಂದು ಗ್ರಂಥಾಲಯದವರು ಹಳೆಯ ಕನ್ನಡ ಪುಸ್ತಕಗಳ ಪುಟಪುಟವನ್ನೂ ಫೋಟೋ ತೆಗೆದು ವೆಬ್‌ಸೈಟಿನಲ್ಲಿ ಪೇರಿಸಿಟ್ಟಿದ್ದಾರೆ. ಕೈಯಲ್ಲಿ ಹಿಡಿದು ಓದುವ ಇ-ಬುಕ್ ರೀಡರಿನಲ್ಲಿ ಅದನ್ನು ತೆರೆದರೆ ಅಕ್ಷರಗಳು ಸಾಸಿವೆ ಕಾಳು. ಹಿಗ್ಗಿಸಿದರೆ ಅರ್ಧ ಸಾಲು ಪರದೆಯಿಂದ ಆಚೆ. ಫೋಟೋವನ್ನು ಅಕ್ಷರವಾಗಿಸಿ, ತಪ್ಪು ತಿದ್ದಿ, ಎಷ್ಟು ದೊಡ್ಡದು ಮಾಡಿದರೂ ಸಾಲು ಒಳಗೇ ನಿಲ್ಲುವಂತೆ ಮಾಡುವುದು ಸಿ.ವಿ. ರಾಮನ್ ನಗರದ ನಮ್ಮ ಆಫೀಸಿನ ಕೆಲಸ. ಯಾರೂ ಕೇಳದ ಪುಸ್ತಕಗಳಿಗೆ ಇಷ್ಟೊಂದು ಉಪಚಾರವೇ ಎಂದು ನಾನು ಗೊಣಗುತ್ತಿದ್ದೆ. ಪಕ್ಕದ ಕುರ್ಚಿಯ ಮಜೀದಾ ಆಪಾ ಗೊಣಗಿದವರಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

ಆಪಾ ಶಿವಾಜಿನಗರದಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಒಂಟಿ. ಗಂಡ ಹೋದ ಮೇಲೆ ಮನೆಯಲ್ಲಿ ಬಾಯಿ ತೆರೆಯುವ ಕೆಲಸವೇ ಇಲ್ಲ ಎನ್ನುತ್ತಿದ್ದರು. ಮುಗಿಸಿದ ಪುಸ್ತಕವನ್ನು ನಾವೆಲ್ಲ ಕೇಬಲ್ ಚುಚ್ಚಿ ರೀಡರಿಗೆ ಹಾಕಿ, ನಾಲ್ಕು ಪುಟ ನೋಡಿ ಕೈತೊಳೆದುಕೊಳ್ಳುತ್ತಿದ್ದೆವು. ಆಪಾ ಹಾಗಲ್ಲ. ಓದುಗ ಇಳಿಸಿಕೊಳ್ಳುವ ಹಾಗೆಯೇ ವೆಬ್‌ಸೈಟಿನಿಂದ ಇಳಿಸಿಕೊಂಡು, ಮನೆಗೆ ಒಯ್ದು, ಒಂದೊಂದೇ ಪುಟ ಸರಿಸಿ ಪರೀಕ್ಷಿಸುತ್ತಿದ್ದರು.

ಅವರಿಗೊಬ್ಬ ಓದುಗನೂ ಸಿಕ್ಕಿದ್ದ. ನಮ್ಮ ಪುಸ್ತಕಗಳಿಗೆಲ್ಲ ಡೌನ್‌ಲೋಡ್ ಸೊನ್ನೆ. ಆಪಾ ಮಾಡಿದ ಪ್ರತಿಯೊಂದಕ್ಕೂ ಮರುದಿನ ‘ಒಂದು’. ಹಲಸೂರು ಕಡೆಯ ಯಾರೋ ವಯಸ್ಸಾದವರು, ಕಣ್ಣು ಮಂಜಾಗಿರಬೇಕು ಎಂದು ಆಪಾ ತಾವೇ ತೀರ್ಮಾನಿಸಿದರು. ಅವರಿಗಾಗಿ ಸಾಲುಗಳ ನಡುವೆ ಜಾಗ ಹೆಚ್ಚಿಸಿದರು. ಪಾಪ ಕಾಯುತ್ತಿರುತ್ತಾರೆ ಎಂದು ಊಟವನ್ನೂ ಗಬಗಬನೆ ಮುಗಿಸುತ್ತಿದ್ದರು.

ಓದುವವರೇ ಇಲ್ಲದಿದ್ದರೆ ಈ ಕೆಲಸ ಏಕೆ ಎಂದು ಒಂದು ಮೀಟಿಂಗಿನಲ್ಲಿ ಮಾತು ಬಂತು. ಒಬ್ಬರಿದ್ದಾರೆ ಎಂದರು ಆಪಾ, ಸ್ವಲ್ಪ ಹೆಮ್ಮೆಯಿಂದಲೇ. ನಮ್ಮ ಮೇಲಧಿಕಾರಿ ಮಧುಕರ್ ಲ್ಯಾಪ್‌ಟಾಪಿನಲ್ಲಿ ಹುಡುಕಿ ನೋಡಿದ.

“ಆಪಾ, ಆ ಒಂದು ನೀವೇ. ಚೆಕ್ ಮಾಡೋಕೆ ಇಳಿಸ್ಕೋತೀರಲ್ಲ, ಅದೇ.”

ಯಾರೋ ನಕ್ಕರು. ಆಪಾ ಕೂಡ ನಕ್ಕರು. ಅದನ್ನು ನೋಡಿ ನನಗೆ ಸಂಕಟವಾಯಿತು, ನಕ್ಕವರ ಮೇಲೆ ಸಿಟ್ಟೂ ಬಂತು.

ಸಂಜೆ ಅನ್ನಕ್ಕಿಟ್ಟಿದ್ದಾಗ ಅವರ ಫೋನ್ ಬಂತು. ಅಳುತ್ತಾರೇನೋ ಎಂದು ಹೆದರಿದೆ.

“ಭಾಗ್ಯಾ, ಇಷ್ಟು ಪುಸ್ತಕ ಮಾಡಿದೀನಿ, ಅಕ್ಷರ ನೋಡ್ದೆ ಅಷ್ಟೇ, ಒಂದನ್ನೂ ಓದೇ ಇಲ್ಲ ನೋಡು. ಈಗ ಓದ್ತಾ ಕೂತಿದೀನಿ. ತುಂಬಾ ಚೆನ್ನಾಗಿದೆ. ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು.”

ನಾನು ಒಲೆ ಆರಿಸಿ, ಹೇಳಿ ಆಪಾ ಎಂದೆ.