ಗಪ್ ಕೂತವರಿಗೆ ಅಷ್ಟೇ

ಗಾಣಗಾಪುರದಲ್ಲಿ ಸಂಜೆ ಹೊತ್ತು ಮಕ್ಕಳ ಗುಂಪು ನಡೆಸುತ್ತೇನೆ. ಅಂಗಡಿಯವರ ಮಕ್ಕಳು, ಲಾಡ್ಜುಗಳಲ್ಲಿ ದುಡಿಯುವವರ ಮಕ್ಕಳು. ಹಾಡು, ಮಗ್ಗಿ, ಒಂದಿಷ್ಟು ಓದು, ಬಹಳಷ್ಟು ಗದ್ದಲ. ಚೆನ್ನಾಗಿ ನಡೆದುಕೊಂಡವರಿಗೆ ನನ್ನ ಬಹುಮಾನ ಒಂದೇ: ಕೊನೆಗೆ ಸ್ವಲ್ಪ ಹೊತ್ತು ನನ್ನ ಕುರ್ಚಿ. ಕುರ್ಚಿಯಲ್ಲಿ ಕೂತವರು ಟೀಚರ್, ನಾನು ನೆಲದ ಮೇಲೆ ವಿದ್ಯಾರ್ಥಿ. ಹದಿನೇಳರ ಮಗ್ಗಿ ಹೇಳಿಸುತ್ತಾರೆ, ತಪ್ಪಿದರೆ ಮೂಲೆಯಲ್ಲಿ ನಿಲ್ಲಿಸುತ್ತಾರೆ. ಆ ಸುಖಕ್ಕಾಗಿ ಎಂಥ ಉಡಾಳನೂ ಬಾಯಿ ಮುಚ್ಚಿಕೊಂಡಿರುತ್ತಾನೆ.

ಮೊದಲು ನಾವು ಸೇರುತ್ತಿದ್ದದ್ದು ಒಂದು ಲಾಡ್ಜಿನ ಹಾಲಿನಲ್ಲಿ. ಮಾಲೀಕರು ಪುಕ್ಕಟೆ ಕೊಟ್ಟಿದ್ದರು. ಕಳೆದ ವರ್ಷ ಒಂದು ಸಂಜೆ ಅವರು ಚಾಕೊಲೇಟ್ ಡಬ್ಬಿ ಹಿಡಿದು ಬಂದು, "ಗಪ್ ಕೂತವರಿಗಿ ಅಷ್ಟೇ" ಎಂದು ಹಂಚಿದರು. ಅಲ್ಲಿಯೇ ಚಾದರ ಒಗೆಯುವವಳ ಮಗಳು ಹಾಗೆ ಸುಮ್ಮನೆ ಕೂಡುವವರ ಪೈಕಿ ಅಲ್ಲ. ಅವಳೊಬ್ಬಳಿಗೆ ಸಿಗಲಿಲ್ಲ. ಎಲ್ಲರೂ ಚೀಪುತ್ತಿರುವಾಗ ಅವಳು ಚಾಚಿದ್ದ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು.

ಈ ಊರಲ್ಲಿ ಮಧ್ಯಾಹ್ನ ಜೋಳಿಗೆ ಹಿಡಿದು ಯಾರೇ ಬಾಗಿಲಿಗೆ ಬಂದರೂ ರೊಟ್ಟಿಯೋ ಅನ್ನವೋ ಹಾಕುತ್ತೇವೆ. ಕಾರಿನಲ್ಲಿ ಬಂದ ಭಕ್ತರೂ ಬೇಡುತ್ತಾರೆ, ಕುಡುಕರೂ ಬೇಡುತ್ತಾರೆ. ಭಿಕ್ಷೆಗೆ ಬರುವ ದತ್ತ ದೇವರು ಯಾವ ವೇಷದಲ್ಲಿ ಬಂದಾನೋ ಎಂದು ಯಾರ ನಡತೆಯನ್ನೂ ವಿಚಾರಿಸುವುದಿಲ್ಲ. ಮಕ್ಕಳ ಪಾಲಿಗೆ ಮಾತ್ರ ಈ ವಿಚಾರಣೆ ಯಾಕೆ?

ಮಕ್ಕಳು ಹೋದ ಮೇಲೆ ಮಾಲೀಕರಿಗೆ ಹೇಳಿದೆ, "ಕೊಟ್ರ ಎಲ್ಲರಿಗೂ ಕೊಡ್ರಿ, ಇಲ್ಲಂದ್ರ ಡಬ್ಬಿ ತರಬ್ಯಾಡ್ರಿ."

"ಆಸೆ ಹಚ್ಚಲಿಲ್ಲಂದ್ರ ಹುಡುಗ್ರು ಸುಧಾರಸಂಗಿಲ್ರಿ."

"ನಿಮ್ಮ ಬಾಗಲಿಗಿ ಜೋಳಗಿ ಹಿಡ್ಕೊಂಡು ಬಂದವರಿಗಿ, ಗಪ್ ಕೂಡು ಅಂತೀರೇನ್ರಿ?"

ಅವರು ಮುಖ ಗಂಟು ಹಾಕಿಕೊಂಡರು. "ಹಾಲ್ ನಂದದ. ನಾ ಹೇಳಿದಂಗ ಆಗಬೇಕು."

"ಹಂಗಾದ್ರ ಹಾಲ್ ನೀವೇ ಇಟ್ಕೋರಿ," ಎಂದು ಕುರ್ಚಿ ಎತ್ತಿಕೊಂಡು ಬಂದೆ. ಅದು ನನ್ನದೇ.

ಇರಲಾರದೆ ಇರುವೆ ಬಿಟ್ಟುಕೊಂಡಳು ಎಂದು ಓಣಿಯೆಲ್ಲ ಆಡಿಕೊಂಡಿತು. ಆಡಿಕೊಳ್ಳಲಿ. ಈಗ ನಮ್ಮ ಮನೆಯ ಮಾಳಿಗೆಯ ಮೇಲೆ ಸೇರುತ್ತೇವೆ. ಬೇಸಿಗೆಯಲ್ಲಿ ಅದು ಕಾದ ಹಂಚು, ನೀರು ಹೊಡೆದು ಚಾಪೆ ಹಾಸಬೇಕು. ಕೆಲವರು ಮಕ್ಕಳನ್ನು ಬಿಡಿಸಿದರು. ಒಗೆಯುವವಳು ಮಗಳನ್ನು ಬಿಡಿಸಲಿಲ್ಲ.

ಮೆಟ್ಟಿಲು ಹತ್ತಿ ಬಂದ ಪ್ರತಿಯೊಬ್ಬರ ಕೈಗೂ ಮೊದಲು ಹುರಿದ ಶೇಂಗಾ ಹಾಕುತ್ತೇನೆ. ಒಬ್ಬ ತಾಯಿ ಬುದ್ಧಿ ಹೇಳಿದಳು, "ಕಡೀಕ್ ಕೊಡ್ರಿ ಬಾಯಾರ, ಗಪ್ ಕೂಡ್ತಾವ."

"ಗಪ್ ಕೂಡ್ಲಿ ಅಂತ ಕೊಡಾಕತ್ತಿಲ್ಲವ್ವ. ಸಾಲಿ ಬಿಟ್ಟು ಹಸದು ಬಂದಿರ್ತಾವ, ಅದಕ್ಕ ಕೊಡಾಕತ್ತೇನಿ."

ಒಗೆಯುವವಳ ಮಗಳು ಶೇಂಗಾ ತಿಂದು ಇಡೀ ಮಾಳಿಗೆ ಕುಣಿದಾಡುತ್ತಾಳೆ. ಸಂಜೆ ಮುಗಿಯುವಾಗ ಬಂದು ಕೇಳುತ್ತಾಳೆ, "ಇವತ್ತ ಕುರ್ಚಿ ನಂದೇನ್ರಿ?"

"ಇಲ್ಲವ್ವ," ಎನ್ನುತ್ತೇನೆ. ಕುರ್ಚಿಯನ್ನು ಅವಳು ಗಳಿಸಲೇಬೇಕು. ಅದರಲ್ಲಿ ನಾನು ಜಗ್ಗುವವಳಲ್ಲ. ಮರುದಿನ ಅವಳು ಮೆಟ್ಟಿಲು ಹತ್ತಿ ಬಂದಾಗ, ಒಳ್ಳೆಯವಳೋ ಕೆಟ್ಟವಳೋ ಆಗಲು ಅವಳಿಗೆ ಇನ್ನೂ ಹೊತ್ತೇ ಸಿಕ್ಕಿರುವುದಿಲ್ಲ. ಬೊಗಸೆ ತುಂಬ ಶೇಂಗಾ ಸುರಿಯುತ್ತೇನೆ.