ನಾನು ಬಿಟ್ಟ ಬೀಗದ ಮಾತು

ಆ ಹುಡುಗಿಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಟ್ಟು ಏನು ಪ್ರಯೋಜನ? ಮುಂಬಯಿಯ ಕೋರ್ಟುಗಳಲ್ಲಿ ಇಪ್ಪತ್ತು ವರ್ಷ ಕನ್ನಡ ಸಾಕ್ಷಿಗಳ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದವನು ನಾನು. ಅವಳೋ ಮೊನ್ನೆ ಮೊನ್ನೆ ಇದೇ ಕೆಲಸಕ್ಕೆ ಬಂದವಳು; ಇಲ್ಲೇ ವಡಾಲದಲ್ಲಿ ಹುಟ್ಟಿ ಬೆಳೆದವಳು, ಅಜ್ಜಿಯ ಜೊತೆ ಆಡಿದಷ್ಟೇ ಅವಳ ಕನ್ನಡ. ಅದರಲ್ಲೂ ನಡುನಡುವೆ ಹಿಂದಿ ನುಗ್ಗುತ್ತಿತ್ತು.

ಪರೇಲಿನಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನಿಂದ ಬಿದ್ದು ಸತ್ತ ಕೂಲಿಯೊಬ್ಬನ ಕೇಸು ಅದು. ಕಲಬುರಗಿ ಕಡೆಯ ಅವನ ಹೆಂಡತಿಯೂ ಅಲ್ಲೇ ಗಾರೆ ಹೊರುತ್ತಿದ್ದಳು. ಅವಳೇ ಮುಖ್ಯ ಸಾಕ್ಷಿ. ಬೀಳದಂತೆ ಸೊಂಟಕ್ಕೆ ಕಟ್ಟುವ ಬೆಲ್ಟ್ ಕಟ್ಟಿಕೊಳ್ಳದೆ ಅವನು ತಾನಾಗಿಯೇ ಹತ್ತಿದ ಎಂದು ಕೆಲಸ ಮಾಡಿಸುತ್ತಿದ್ದ ಮುಕಾದಮನ ವಾದ. ಮುಕಾದಮನೇ ಹತ್ತಿಸಿದ ಎಂದು ಅವಳ ಮಾತು.

ಮೊದಲ ದಿನ ನಾನೇ ಇದ್ದೆ. ಅವಳ ಮಾತು ಊರೆಲ್ಲ ಸುತ್ತಿ ಬರುತ್ತಿತ್ತು: ಬೆಳಗಿನ ಚಹಾ, ಅಳುವ ಮಗು, ಸಾಮಾನಿಡುವ ಸ್ಟೋರಿನ ಬಾಗಿಲು. ನ್ಯಾಯಾಧೀಶರು ಗಡಿಯಾರ ನೋಡುತ್ತಿದ್ದರು. ನಾನು ಎಂದಿನಂತೆ ಸೊಪ್ಪು ಸೋಸಿದ ಹಾಗೆ ಸೋಸಿ, ಬೆಲ್ಟ್ ಕೊಟ್ಟಿರಲಿಲ್ಲ ಎಂದು ಒಂದೇ ವಾಕ್ಯ ಬರೆಸಿದೆ. ಚೊಕ್ಕ ಕೆಲಸದವನು ಎಂಬ ಹೆಸರು ನನಗೆ ಬಂದದ್ದೇ ಹೀಗೆ.

ಮುಂದಿನ ತಾರೀಖಿಗೆ ನನಗೆ ಜ್ವರ. ಆ ಹುಡುಗಿಯನ್ನು ಕರೆಸಿದರು. ಅಂದು ಸಾಕ್ಷ್ಯ ಮುಗಿಯಲಿಲ್ಲ. ನಾನು ಗುಣವಾಗಿ ಮರಳಿದ ದಿನ ಆ ಹೆಂಗಸು ಕಟಕಟೆಯಿಂದ ನನ್ನೆದುರೇ ಹೇಳಿದಳು: "ಆ ತಂಗೀನ ಇರ್ಲಿರೀ. ಆಕಿ ಪೂರಾ ಕೇಳ್ತಾಳ."

ಅದನ್ನೂ ನಾನೇ ಇಂಗ್ಲಿಷಿಗೆ ತಿರುಗಿಸಬೇಕಾಯಿತು. ನ್ಯಾಯಾಧೀಶರು ಒಪ್ಪಿಬಿಟ್ಟರು. ಕಪಾಳಕ್ಕೆ ಹೊಡೆದಂತಾಯಿತು. ಹಿಂದಿನ ಬೆಂಚಿನಲ್ಲಿ ಕೂತು ಹುಡುಗಿಯ ತಪ್ಪು ಹುಡುಕತೊಡಗಿದೆ. "ಅಕ್ಕಾ, ಸಮಝ್ ಆಗ್ಲಿಲ್ಲ, ಇನ್ನೊಮ್ಮೆ ಹೇಳಿ" ಎಂದು ಅವಳು ನಾಚಿಕೆಯಿಲ್ಲದೆ ಕೇಳುತ್ತಿದ್ದಳು. ಹೆಂಗಸು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಹಾಗೆ ಹೊರಗೆ ಬಂತು: ಬೆಲ್ಟುಗಳು ಸ್ಟೋರಿನಲ್ಲೇ ಇದ್ದವು, ಬಾಗಿಲಿಗೆ ಬೀಗ ಹಾಕಿತ್ತು. ಗಂಡ ಹೋಗಿ ಕೇಳಿದ. ಕೀಲಿ ಜೇಬಿನಲ್ಲಿಟ್ಟುಕೊಂಡಿದ್ದ ಮುಕಾದಮ, ಹೊತ್ತಾಯಿತು, ಹಾಗೇ ಹತ್ತು ಎಂದ.

ಮುಕಾದಮನ ವಕೀಲರು ಎದ್ದರು. ಮೊದಲ ದಿನದ ಹೇಳಿಕೆಯಲ್ಲಿ ಬೀಗದ ಸುದ್ದಿಯೇ ಇಲ್ಲ, ಇದು ಆಮೇಲೆ ಯಾರೋ ಹೇಳಿಕೊಟ್ಟದ್ದು ಎಂದರು. ನ್ಯಾಯಾಧೀಶರು ನನ್ನ ಕಡೆ ತಿರುಗಿ, ಅಂದು ಈಕೆ ಬೀಗದ ಮಾತು ಆಡಿದ್ದಳೇ ಎಂದು ಕೇಳಿದರು.

ಆಡಿದ್ದಳು, ಎರಡು ಸಲ. ನೆನಪಿಲ್ಲ ಎಂದುಬಿಟ್ಟರೆ ನನ್ನ ಹೆಸರು ಉಳಿಯುತ್ತಿತ್ತು, ಅನುಮಾನವೆಲ್ಲ ಹುಡುಗಿಯ ತಲೆಗೆ ಬರುತ್ತಿತ್ತು. ಆ ಯೋಚನೆ ಒಂದು ಕ್ಷಣ ನನಗೆ ಹಿತವಾಗಿಯೇ ಇತ್ತು. ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಇಂಗ್ಲಿಷ್ ತಿಳಿಯದಿದ್ದರೂ, ಸತ್ತ ಗಂಡನ ಮೇಲಿನ ಅಪವಾದ ಉಳಿಯುವುದೂ ಅಳಿಯುವುದೂ ಈಗ ನನ್ನ ಬಾಯಲ್ಲಿದೆ ಎಂಬುದು ಅವಳಿಗೆ ತಿಳಿದಿತ್ತು.

ಆಡಿದ್ದಳು, ಕೇಸಿಗೆ ಬೇಡವೆಂದು ನಾನೇ ಬಿಟ್ಟೆ, ತಪ್ಪು ನನ್ನದು ಎಂದು ಇಂಗ್ಲಿಷಿನಲ್ಲಿ ಹೇಳಿ ಕೂತೆ.

ಆ ಸಾಹೇಬರು ಏನೆಂದರು ಎಂದು ಹೆಂಗಸು ನನ್ನ ಕಡೆ ತೋರಿಸಿ ಕೇಳಿದಳು. ಹುಡುಗಿ ನನ್ನ ಮುಖ ನೋಡಿದಳು. ಒಂದಿಷ್ಟು ಮೆತ್ತಗೆ ಮಾಡಿ ಹೇಳಲಿ ಎಂದು ನಾನು ಆಸೆಪಟ್ಟೆ.

"ಅಕ್ಕಾ, ನೀವು ಅವತ್ತೇ ಹೇಳಿದ್ರಂತೆ. ಕೇಸ್‌ಗೆ ಬೇಡ ಅಂತ ಅವರೇ ಬಿಟ್ರಂತೆ. ತಪ್ಪು ಅವರ್ದೇ ಅಂತೆ."

ಒಂದು ಮಾತೂ ಬಿಟ್ಟಿರಲಿಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯಿತು.