ಅಕ್ಕ ಎಳೆದ ಗೆರೆ

ನಮ್ಮಕ್ಕ ಮಹಾ ಹಟಮಾರಿ. ಭೂಮಾಪನ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ, ಅದೇ ಕೆಲಸ: ಆಗಾಗ ನಡುಗುವ ನಮ್ಮ ಸೀಮೆಯಲ್ಲಿ ನೆಲದಡಿಯ ಬಿರುಕುಗಳನ್ನು ನಕ್ಷೆಯಲ್ಲಿ ಗುರುತಿಸುವುದು. ಬಂಡೆ ಭಾರವಿರುವಲ್ಲಿ ಭೂಮಿಯ ಸೆಳೆತ ಕೂದಲೆಳೆಯಷ್ಟು ಹೆಚ್ಚು. ಉಪಗ್ರಹ ಅದನ್ನು ಮೇಲಿನಿಂದಲೇ ಅಳೆದು ಕಳಿಸುತ್ತದೆ. ಸೆಳೆತ ಥಟ್ಟನೆ ಬದಲಾದ ಕಡೆ ಅಡಿಯಲ್ಲಿ ಬಿರುಕಿರಬಹುದೆಂದು ಅಕ್ಕ ಗೆರೆ ಎಳೆಯುತ್ತಾಳೆ.

ಈ ಸಲ ಗೆರೆ ಬಂದು ಕೂತದ್ದು ನನ್ನ ತಲೆಯ ಮೇಲೆ. ನಾನು ಕಟ್ಟಡದ ಗುತ್ತಿಗೆದಾರ. ನಾನು ಪಾಯ ತೋಡಿಸುತ್ತಿದ್ದ ಮೂರಂತಸ್ತಿನ ಶಾಲೆಯ ಆಸುಪಾಸಿನಲ್ಲೇ ಅದು ಹಾದುಹೋಗಿತ್ತು.

"ಊರೆಲ್ಲಾ ಬಿಟ್ಟು ನನ್ನ ಸೈಟೇ ಬೇಕಿತ್ತಾ ನಿಂಗೆ?" ಎಂದು ರೇಗಿದೆ.

"ನಿನ್ನ ಸೈಟ್ ಅಂತ ಬಿರುಕು ಪಕ್ಕಕ್ಕೆ ಸರಿಯುತ್ತೇನೋ? ನಾಳೆ ಅಲ್ಲಿ ನಾನೂರು ಮಕ್ಕಳು ಕೂರ್ತಾರೆ," ಎಂದಳು.

ಅವಳ ಸಾಹೇಬರೂ ಒಪ್ಪಲಿಲ್ಲ. ಉಪಗ್ರಹ ಓಡಾಡುವ ದಿಕ್ಕಿನಲ್ಲಿ ನಕ್ಷೆಯ ಮೇಲೆ ಸುಳ್ಳು ಪಟ್ಟೆಗಳು ಮೂಡುವುದುಂಟು, ಇದೂ ಅಂಥದ್ದೇ ಎಂದರು.

"ಸುಳ್ಳು ಪಟ್ಟೆ ನೇರಕ್ಕೆ ಹೋಗುತ್ತೆ ಸಾರ್, ಇದು ಬಗ್ಗಿದೆ," ಎಂದ ಅಕ್ಕ, ಸೆಳೆತ ಅಳೆಯುವ ಪೆಟ್ಟಿಗೆ ಹೊತ್ತು ಹನ್ನೊಂದು ದಿನ ನೆಲದ ಮೇಲೆ ನಡೆದಳು. ಗೆರೆ ಶಾಲೆಯ ಅಂಗಳಕ್ಕೇ ಬಂದು ನಿಂತಿತು. ಬಿರುಕನ್ನು ಮಣ್ಣಲ್ಲಿ ತೋರಿಸದಿದ್ದರೆ ಶನಿವಾರ ಕೆಲಸ ಮುಂದುವರಿಯಲಿ ಎಂದರು ಸಾಹೇಬರು.

ಶುಕ್ರವಾರ ಆಳುದ್ದ ಕಂದಕ ತೋಡಿಸಿದೆ. ಅಕ್ಕ ಒಳಗಿಳಿದು ಕರಣೆಯಿಂದ ಅದರ ಬದಿಯನ್ನು ಕೆರೆದಳು. ಕರಿಮಣ್ಣಿನ ಪದರ ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಇತ್ತು; ಬಿರುಕಿದ್ದರೆ ನಡುವೆ ಕಡಿದಿರಬೇಕಿತ್ತು. ಸಾಹೇಬರು ಗಡಿಯಾರ ನೋಡಿಕೊಂಡರು.

"ಇಲ್ಲೇ ಇದೆ ಸಾರ್, ಹತ್ತು ಮಾರು ಆಚೆ ಈಚೆ," ಎಂದಳು ಅಕ್ಕ. ಧ್ವನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

ನನಗೆ ಇನ್ನು ತಡೆಯಲಾಗಲಿಲ್ಲ, ಅಷ್ಟು ನಾಚಿಕೆಯಾಗಿತ್ತು. "ಮೂಲೆ ಕಂಬದ ಗುಂಡೀಲಿದೆ ಸಾರ್. ಕರಿಮಣ್ಣು ನಡುವೆ ಕಡಿದು ಕೆಳಗಿಳಿದಿತ್ತು. ಕೆಲಸ ನಿಂತುಹೋಗುತ್ತೆ ಅಂತ ನಾನೇ ಕಾಂಕ್ರೀಟ್ ಸುರಿಸಿ ಮುಚ್ಚಿಸಿದೆ. ಒಡೆಸ್ತೀನಿ."

ಸಾಹೇಬರು ಮೂಲೆ ಕಂಬದತ್ತ ಧಾವಿಸಿದರು. ಅಕ್ಕ ಮಾತ್ರ ಅಳತೆ ಪುಸ್ತಕ ತೆರೆದಳು.

"ಎಷ್ಟು ಇಳಿದಿತ್ತು?"

ಮೊಣಕಾಲು ಮುಟ್ಟಿ ತೋರಿಸಿದೆ.

"ಸರಿ. ಮೊದಲು ಅಳತೆ, ಬೈಯೋದು ಮನೇಲಿ," ಎಂದು ಬರೆದುಕೊಂಡಳು.

ಸಂಜೆಯೊಳಗೆ ಕಾಂಕ್ರೀಟ್ ಒಡೆಸಿದೆ. ಕಡಿದ ಪದರ ಎಲ್ಲರಿಗೂ ಕಂಡಿತು. ಶಾಲೆಯನ್ನು ಬೇರೆ ಜಾಗಕ್ಕೆ ಸರಿಸಿದರು. ಅಕ್ಕ ಮನೆಯಲ್ಲೂ ಬೈಯಲಿಲ್ಲ. ಬೈದು ಮುಗಿಸಿದ್ದರೆ ಎಷ್ಟೋ ಚೆನ್ನಾಗಿತ್ತು.